ತಟ್ಟೆಯಲ್ಲಿ ಎಷ್ಟು ಉಳಿಯಿತು? ಹೃದಯ ವೈಫಲ್ಯ, ಅಪೌಷ್ಟಿಕತೆ ಮತ್ತು ಆಯಸ್ಸು

(ಹೃದಯ ವೈಫಲ್ಯ ಇರುವವರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಹೃದಯ ಮತ್ತು ಊಟ ಅಂದ ಕೂಡಲೇ ಏನೇನು ತಿನ್ನಬಾರದು ಅನ್ನುವ ಪಟ್ಟಿ ಬರುತ್ತದೆ ಅಂತ ಕಾಯುತ್ತಿದ್ದೀರಿ, ಅಲ್ವಾ? ಉಪ್ಪು ಬೇಡ, ಕರಿದದ್ದು ಬೇಡ, ಸಿಹಿ ಬೇಡ, ನೀರೂ ಜಾಸ್ತಿ ಬೇಡ. ಆ ಪಟ್ಟಿ ನಿಮ್ಮ ಫೈಲಿನಲ್ಲಿ ಆಗಲೇ ಇರುತ್ತದೆ. ನಾನು ಬಂದಿರುವುದು ಬೇರೆ ಮಾತು ಹೇಳುವುದಕ್ಕೆ. ಹೃದಯ ವೈಫಲ್ಯ ಇರುವ ಎಷ್ಟೋ ಜನ ಬೇಕಾದಷ್ಟು ತಿನ್ನಲಾಗದೆ ಸೊರಗುತ್ತಾರೆ. ಹಾಗೆ ಸೊರಗಿದವರು ಉಳಿದವರಿಗಿಂತ ಬೇಗ ತೀರಿಕೊಳ್ಳುತ್ತಾರೆ. ಇದು ಅಂದಾಜಿನ ಮಾತಲ್ಲ. ಲೆಕ್ಕ ಇಟ್ಟು ನೋಡಿದ್ದಾರೆ.

ಮೊದಲು ಒಂದು ವಿಷಯ ಬೇಗ ಹೇಳಿಬಿಡುತ್ತೇನೆ. ಹೃದಯ ವೈಫಲ್ಯ ಅಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ತಳ್ಳಲಾರದು, ಇಲ್ಲವೇ ತಳ್ಳುವುದಕ್ಕೆ ಒಳಗಿನ ಒತ್ತಡ ಏರಿಸಿಕೊಳ್ಳಬೇಕಾಗುತ್ತದೆ. ಅದರಿಂದ ಏದುಸಿರು, ಸುಸ್ತು, ಕಾಲು ಬಾವು. ಜಗತ್ತಿನಲ್ಲಿ 6 ಕೋಟಿಗೂ ಹೆಚ್ಚು ಜನ ಇದರ ಜೊತೆ ಬದುಕುತ್ತಿದ್ದಾರೆ. ಇಷ್ಟು ಸಾಕು.

ಈಗ ತೂಕದ ಮಾತಿಗೆ ಬರೋಣ. ಈ ಕಾಯಿಲೆ ಇರುವವರಿಗೆ ದಿನಾ ತೂಕ ನೋಡಿಕೊಳ್ಳಿ ಅಂತ ಹೇಳುತ್ತೇವೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿಬಂದು, ಏನೂ ತಿನ್ನುವ ಮೊದಲು. 3 ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ನೀರು, ತಕ್ಷಣ ತಿಳಿಸಿ ಅನ್ನುತ್ತೇವೆ. ಒಳ್ಳೆಯ ಸಲಹೆ, ಬಿಡಬೇಡಿ. ಆದರೆ ಇದೇ ಮಿಷನ್ ನಮಗೆ ಮೋಸವನ್ನೂ ಮಾಡುತ್ತದೆ.

ಒಬ್ಬರ ತೂಕ 70 ಕಿಲೋ ಅಂದುಕೊಳ್ಳಿ. ಆರು ತಿಂಗಳಲ್ಲಿ ಅವರ ಮೈಯಿಂದ 6 ಕಿಲೋ ಮಾಂಸ, ಕೊಬ್ಬು ಕರಗಿತು. ಅಷ್ಟೇ ಹೊತ್ತಿನಲ್ಲಿ 6 ಕಿಲೋ ನೀರು ತುಂಬಿಕೊಂಡಿತು. ಮಿಷನ್ ಏನು ತೋರಿಸುತ್ತದೆ? 70. ಎಲ್ಲರಿಗೂ ಸಮಾಧಾನ. ಆಮೇಲೆ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರುತ್ತಾರೆ. ನೀರು ಹೋಗುವ ಇಂಜೆಕ್ಷನ್ ಕೊಡುತ್ತಾರೆ. ನಾಲ್ಕೈದು ದಿನದಲ್ಲಿ ತೂಕ 64ಕ್ಕೆ ಬರುತ್ತದೆ. ಬಾವು ಇಳಿಯಿತು, ಮನೆಗೆ ಹೋಗಿ ಅನ್ನುತ್ತಾರೆ. ಎಲ್ಲರಿಗೂ ಮತ್ತೆ ಸಮಾಧಾನ. ನೀರಿಲ್ಲದ ತೂಕ ಮೊದಲು 70 ಇತ್ತು, ಈಗ 64 ಯಾಕಾಯಿತು ಅಂತ ಯಾರೂ ಕೇಳುವುದಿಲ್ಲ. ಅದು ಶೇ. 8ಕ್ಕಿಂತ ಜಾಸ್ತಿ ಇಳಿಕೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇನು ಹೊಸ ಸಂಗತಿಯಲ್ಲ. ಗ್ರೀಸಿನ ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಉಳಿದುಬಂದಿರುವ, ಎರಡು ಸಾವಿರ ವರ್ಷಕ್ಕೂ ಹಳೆಯ ಬರಹಗಳಲ್ಲೇ ಇಂಥ ರೋಗಿಯ ಚಿತ್ರ ಇದೆ. ಹೊಟ್ಟೆಯಲ್ಲಿ ನೀರು, ಕಾಲಿನಲ್ಲಿ ಬಾವು. ಭುಜ, ಎದೆ, ತೊಡೆ ಮಾತ್ರ ಕರಗುತ್ತಾ ಹೋಗುತ್ತವೆ. ನೀವೂ ಅಲ್ಲೇ ನೋಡಬೇಕು. ಕಾಲು ನೋಡಿದರೆ ನೀರು ಕಾಣುತ್ತದೆ. ಕಣತಲೆಯ ಗುಳಿ, ಎದ್ದುಕಾಣುವ ಕೊರಳೆಲುಬು, ಸಡಿಲವಾದ ತೋಳು ನೋಡಿದರೆ ನಿಜ ಸ್ಥಿತಿ ಗೊತ್ತಾಗುತ್ತದೆ.

ಈಗ ಆ ಅಂಕಿಗೆ ಬರುತ್ತೇನೆ. 1997ರಲ್ಲಿ ಸ್ಟೀಫನ್ ಆಂಕರ್ ಮತ್ತು ಅವರ ಜೊತೆಗಾರರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೀರ್ಘಕಾಲದ ಹೃದಯ ವೈಫಲ್ಯ ಇದ್ದ 171 ಜನ. ಅವರಲ್ಲಿ ಶೇ. 16ರಷ್ಟು ಜನ ತಾವಾಗಿ ಪ್ರಯತ್ನಪಡದೆ, ಆರು ತಿಂಗಳಿಗಿಂತ ಹೆಚ್ಚಿನ ಅವಧಿಯಲ್ಲಿ, ಶೇ. 7.5ಕ್ಕಿಂತ ಜಾಸ್ತಿ ತೂಕ ಕಳೆದುಕೊಂಡಿದ್ದರು. ಬಾವು ಇಲ್ಲದಾಗಿನ ತೂಕದ ಲೆಕ್ಕ ಇದು. 18 ತಿಂಗಳಲ್ಲಿ ಹಾಗೆ ಸೊರಗಿದವರಲ್ಲಿ ಅರ್ಧದಷ್ಟು ಜನ ತೀರಿಕೊಂಡರು. ಉಳಿದವರಲ್ಲಿ ತೀರಿಕೊಂಡವರು ಶೇ. 17. ವಯಸ್ಸು, ಹೃದಯದ ಪಂಪಿಂಗ್ ಪ್ರಮಾಣ, ವ್ಯಾಯಾಮ ಮಾಡುವ ಶಕ್ತಿ, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು.

ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಪಂಪಿಂಗ್ ಪ್ರಮಾಣ ಶೇ. 30 ಬಂತೋ 35 ಬಂತೋ ಅಂತ ನಾವೆಲ್ಲ ತಲೆ ಕೆಡಿಸಿಕೊಳ್ಳುತ್ತೇವೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ ಅನ್ನುವ ಮಾತನ್ನು ಮಾತ್ರ ಸುಮ್ನೆ ಕೇಳಿ ಬಿಟ್ಟುಬಿಡುತ್ತೇವೆ. ನನ್ನ ಪ್ರಕಾರ ಆ ಎರಡನೇ ಮಾತೂ ಎಕೋ ರಿಪೋರ್ಟಿನಷ್ಟೇ ಗಟ್ಟಿಯಾದ ಸುಳಿವು.

ಯಾಕೆ ಹೀಗೆ ಸೊರಗುತ್ತಾರೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಾಕೆಂದರೆ ಮನೆಯವರು ಇದನ್ನು ಹಟ ಅಂದುಕೊಳ್ಳುತ್ತಾರೆ. 'ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಾರೆ ಡಾಕ್ಟ್ರೇ, ಎಷ್ಟು ಹೇಳಿದರೂ ಕೇಳಲ್ಲ.' ಇದು ಹಟವಲ್ಲ.

ಹೃದಯದ ಬಲಭಾಗ ಸೋತಾಗ ರಕ್ತ ಹಿಂದಕ್ಕೆ ಕಟ್ಟಿಕೊಳ್ಳುತ್ತದೆ. ಕಾಲಿಗೆ ಬಾವು ಬಂದ ಹಾಗೆಯೇ ಕರುಳಿನ ಗೋಡೆಗೂ ಬಾವು ಬರುತ್ತದೆ. ಲಿವರ್ ದೊಡ್ಡದಾಗಿ ಜಠರವನ್ನು ಒತ್ತುತ್ತದೆ. ಹೊಟ್ಟೆಯಲ್ಲಿ ನೀರು ಸೇರಿದರಂತೂ ಜಾಗವೇ ಇಲ್ಲ. ಹಾಗಾಗಿ ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತದೆ. ಬಾವು ಬಂದ ಕರುಳು ಒಳಗೆ ಹೋದದ್ದನ್ನೂ ಪೂರ್ತಿ ಹೀರಿಕೊಳ್ಳುವುದಿಲ್ಲ. ಇನ್ನು ಉಸಿರು. ನುಂಗುವಾಗ ಉಸಿರು ಹಿಡಿಯಬೇಕು. ಏದುಸಿರು ಇರುವವರಿಗೆ ಊಟವೇ ಒಂದು ಕೆಲಸ.

ಮಾತ್ರೆಗಳ ಪಾಲೂ ಇದೆ. ಹತ್ತು ಹನ್ನೆರಡು ಮಾತ್ರೆ ನೀರಿನ ಜೊತೆ ನುಂಗಿದರೆ ಅರ್ಧ ಹೊಟ್ಟೆ ಅಲ್ಲೇ ತುಂಬುತ್ತದೆ. ಕೆಲವು ಮಾತ್ರೆಗಳಿಂದ ಬಾಯಿ ರುಚಿ ಕೆಡುತ್ತದೆ. ಡಿಗಾಕ್ಸಿನ್ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ. ಇದ್ದಕ್ಕಿದ್ದಂತೆ ಹಸಿವು ಹೋಗಿ ವಾಕರಿಕೆ ಶುರುವಾದರೆ ಅದು ಔಷಧ ಮೈಯಲ್ಲಿ ಹೆಚ್ಚಾಗಿರುವ ಸೂಚನೆ ಇರಬಹುದು. ಹಸಿವಿಗೆ ಟಾನಿಕ್ ಹುಡುಕುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಫ್ಯೂರೊಸಮೈಡ್‌ನಂಥ ನೀರು ಹೋಗುವ ಮಾತ್ರೆಗಳು ಮೂತ್ರದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ, ಥಯಮಿನ್ ಅಂದರೆ ಬಿ1 ವಿಟಮಿನ್, ಇವನ್ನೂ ಕಳಿಸುತ್ತವೆ. ತಮಾಷೆ ನೋಡಿ, ಥಯಮಿನ್ ತೀರಾ ಕಡಿಮೆಯಾದರೆ ಅದರಿಂದಲೇ ಹೃದಯ ಸೋಲುತ್ತದೆ. ಬೆರಿಬೆರಿ ಅನ್ನುವ ಹಳೆಯ ಕಾಯಿಲೆಯ ಒಂದು ಬಗೆ ಅದೇ. ಚೀನಾದ ಕೆಶಾನ್ ಪ್ರದೇಶದಲ್ಲಿ ಮಣ್ಣಿನಲ್ಲೇ ಸೆಲೆನಿಯಂ ಕಡಿಮೆ ಇದ್ದು ಮಕ್ಕಳ, ಹೆಂಗಸರ ಹೃದಯ ಕೆಟ್ಟದ್ದೂ ಇತಿಹಾಸದಲ್ಲಿದೆ. ಅಂದರೆ ಸೋತ ಹೃದಯ ಊಟ ಕೆಡಿಸುತ್ತದೆ, ಕೆಟ್ಟ ಊಟ ಹೃದಯವನ್ನು ಸೋಲಿಸುತ್ತದೆ. ದಾರಿ ಎರಡೂ ಕಡೆಗಿದೆ.

ಇಷ್ಟೇ ಆಗಿದ್ದರೆ ಚೆನ್ನಾಗಿ ಉಣಿಸಿದರೆ ಮುಗಿಯುತ್ತಿತ್ತು. ಆದರೆ ದೇಹವೂ ತನ್ನನ್ನು ತಾನೇ ಕರಗಿಸಿಕೊಳ್ಳುತ್ತಿರುತ್ತದೆ. ಸೋತ ಹೃದಯವನ್ನು ಓಡಿಸಲು ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಯಾವಾಗಲೂ ಏರಿಕೊಂಡೇ ಇರುತ್ತವೆ. ಮೈಯೊಳಗೆ ಸಣ್ಣ ಉರಿಯೂತ ನಡೆಯುತ್ತಲೇ ಇರುತ್ತದೆ. ಆದಾಯ ನಿಂತ ಮನೆಯವರು ಕೂಡಿಟ್ಟ ಗಂಟು ಕರಗಿಸಿ ತಿಂದ ಹಾಗೆ, ದೇಹ ತನ್ನ ಸ್ನಾಯುಗಳನ್ನು ಒಡೆದು ಬಳಸುತ್ತದೆ. 1990ರಲ್ಲೇ ಇಂಥ ಸೊರಗಿದ ರೋಗಿಗಳ ರಕ್ತದಲ್ಲಿ ಟಿಎನ್ಎಫ್ ಅನ್ನುವ ಉರಿಯೂತದ ಪ್ರೋಟೀನ್ ಜಾಸ್ತಿ ಇರುವುದನ್ನು ಕಂಡುಕೊಂಡಿದ್ದರು. ಹಾಗಾದರೆ ಅದನ್ನು ತಡೆದರೆ ಆಯಿತಲ್ಲ ಅಂತ ಆ ಬಗೆಯ ಔಷಧಗಳನ್ನು ಕೊಟ್ಟೂ ನೋಡಿದರು. ಪ್ರಯೋಜನವಾಗಲಿಲ್ಲ. ಒಂದು ಔಷಧದ ಹೆಚ್ಚಿನ ಡೋಸ್‌ನಿಂದ ಹಾನಿಯೇ ಆಯಿತು. ದೇಹ ಅಷ್ಟು ಸುಲಭದ ಲೆಕ್ಕವಲ್ಲ.

ಆದರೆ ಒಂದು ಒಳ್ಳೆಯ ಸುದ್ದಿ ಇದೆ. 2003ರಲ್ಲಿ ಆಂಕರ್ ಅವರ ತಂಡವೇ ಹಳೆಯ ದೊಡ್ಡ ಪ್ರಯೋಗವೊಂದರ ಲೆಕ್ಕವನ್ನು ಮತ್ತೆ ತೆಗೆದು ನೋಡಿತು. ಎನಲಾಪ್ರಿಲ್ ಮಾತ್ರೆ ತೆಗೆದುಕೊಂಡವರಲ್ಲಿ ಹೀಗೆ ತೂಕ ಇಳಿಯುವ ಸಂಭವ ಶೇ. 19ರಷ್ಟು ಕಡಿಮೆ ಇತ್ತು. ಹೃದಯಕ್ಕೆ ಅಂತ ಕೊಟ್ಟ ಮಾತ್ರೆ ಮೈಯನ್ನೂ ಕಾಯುತ್ತಿತ್ತು. ಆದ್ದರಿಂದ 'ಊಟ ಸೇರುತ್ತಿಲ್ಲ, ಮಾತ್ರೆ ಎಲ್ಲ ನಿಲ್ಲಿಸಿಬಿಡುತ್ತೇನೆ' ಅನ್ನುವವರಿಗೆ ನನ್ನದು ಒಂದೇ ಕೋರಿಕೆ. ನೀವಾಗಿ ನಿಲ್ಲಿಸಬೇಡಿ. ಯಾವುದು ತೊಂದರೆ ಕೊಡುತ್ತಿದೆ ಅಂತ ಒಟ್ಟಿಗೆ ಕೂತು ಹುಡುಕೋಣ.

ಪತ್ತೆ ಮಾಡುವುದು ಹೇಗೆ? ಎಂಎನ್ಎ ಅನ್ನುವ ಪ್ರಶ್ನಾವಳಿ ಇದೆ. ವಯಸ್ಸಾದವರಿಗಾಗಿ ಮಾಡಿದ್ದು, 18 ಪ್ರಶ್ನೆ, 30 ಅಂಕ. 17ಕ್ಕಿಂತ ಕಡಿಮೆ ಬಂದರೆ ಅಪೌಷ್ಟಿಕತೆ, 17ರಿಂದ 23.5ರ ಒಳಗೆ ಬಂದರೆ ಅಪಾಯದ ಅಂಚು. ಕೇಳುವುದೆಲ್ಲ ಸರಳ ಪ್ರಶ್ನೆಗಳೇ. ಮೂರು ತಿಂಗಳಲ್ಲಿ ಊಟ ಕಡಿಮೆ ಆಯಿತಾ, ತೂಕ ಇಳಿಯಿತಾ, ಓಡಾಡುತ್ತೀರಾ, ಮೀನಖಂಡದ ಸುತ್ತಳತೆ ಎಷ್ಟು. ಕಾಲಿಗೆ ಬಾವು ಇರುವವರ ಮೀನಖಂಡ ಅಳೆದು ಸಮಾಧಾನಪಡಬೇಡಿ. ತೋಳು ಅಳೆಯುವುದು ವಾಸಿ.

ರಕ್ತ ಪರೀಕ್ಷೆಯಿಂದ ಲೆಕ್ಕ ಹಾಕುವ ಸ್ಕೋರುಗಳೂ ಇವೆ. ಜಿಎನ್ಆರ್‌ಐ ಅನ್ನುವುದಕ್ಕೆ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಮತ್ತು ತೂಕ ಬೇಕು. ಕೋನಟ್ ಅನ್ನುವುದಕ್ಕೆ ಆಲ್ಬುಮಿನ್, ಕೊಲೆಸ್ಟ್ರಾಲ್, ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಎಣಿಕೆ ಬೇಕು. ಇವುಗಳಲ್ಲಿ ಸ್ಥಿತಿ ಕೆಟ್ಟಷ್ಟೂ ಸಾವಿನ ಅಪಾಯ ಹೆಚ್ಚು ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಇಲ್ಲಿ ನನ್ನದೊಂದು ತಕರಾರಿದೆ. ಆಲ್ಬುಮಿನ್ ಕಡಿಮೆ ಬಂತು ಅಂದರೆ ಊಟ ಸಾಲದು ಅಂತಲೇ ಅರ್ಥವಲ್ಲ. ಉರಿಯೂತ ಇದ್ದರೆ ಇಳಿಯುತ್ತದೆ. ಲಿವರ್ ಸೋತರೆ, ಕಿಡ್ನಿ ಸೋರಿದರೆ ಇಳಿಯುತ್ತದೆ. ರಕ್ತದಲ್ಲಿ ನೀರು ಜಾಸ್ತಿಯಾದರೂ ಇಳಿಯುತ್ತದೆ. ಜಿಎನ್ಆರ್‌ಐ ಲೆಕ್ಕದಲ್ಲಿ ಬಾವಿನ ತೂಕ ಸೇರಿಕೊಂಡರೆ ಸ್ಕೋರು ಸುಳ್ಳೇ ಚೆನ್ನಾಗಿ ಕಾಣುತ್ತದೆ. ಅಪಾಯ ಯಾರಿಗೆ ಹೆಚ್ಚು ಅಂತ ಹೇಳುವುದಕ್ಕೆ ಈ ಸ್ಕೋರುಗಳು ಒಳ್ಳೆಯವು. ಯಾರಿಗೆ ಊಟ ಹೆಚ್ಚಿಸಬೇಕು ಅಂತ ತಿಳಿಯುವುದಕ್ಕೆ ರೋಗಿಯ ತಟ್ಟೆಯನ್ನೂ ತೋಳನ್ನೂ ನೋಡಲೇಬೇಕು.

ಈಗ ಒಂದು ಗೊಂದಲ. ಹೃದಯ ವೈಫಲ್ಯ ಬಂದ ಮೇಲೆ ದಪ್ಪ ಇರುವವರು ಸಣಕಲು ಇರುವವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಅಂತ ನೀವು ಎಲ್ಲೋ ಓದಿರಬಹುದು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಅದು ಹಲವು ಅಧ್ಯಯನಗಳಲ್ಲಿ ಕಂಡದ್ದು ನಿಜ. ಹಾಗಂತ ದಪ್ಪಗಾಗಿ ಅಂತ ನಾನು ಹೇಳುವುದಿಲ್ಲ. ಬಿಎಂಐಗೆ ನೀರು, ಮಾಂಸ, ಕೊಬ್ಬು ಎಲ್ಲ ಒಂದೇ. ಕಾಯಿಲೆಯಿಂದ ಸೊರಗಿದವರೂ ಅದೇ ಸಣಕಲು ಗುಂಪಿಗೆ ಸೇರಿಬಿಡುತ್ತಾರೆ. 2023ರಲ್ಲಿ ಪ್ಯಾರಡೈಮ್-ಎಚ್ಎಫ್ ಅನ್ನುವ ಹೃದಯ ವೈಫಲ್ಯದ ಔಷಧ ಪ್ರಯೋಗದ ರೋಗಿಗಳನ್ನು ಸೊಂಟದ ಅಳತೆ ಮತ್ತು ಎತ್ತರದ ಲೆಕ್ಕದಲ್ಲಿ ನೋಡಿದಾಗ ಆ ಅನುಕೂಲ ಕಾಣೆಯಾಯಿತು. ಇನ್ನೊಂದು ಮಾತು. ದಪ್ಪ ಇರುವವರಿಗೂ ಅಪೌಷ್ಟಿಕತೆ ಬರುತ್ತದೆ. ಹೊಟ್ಟೆ ಹಾಗೇ ಇರುತ್ತದೆ, ತೊಡೆಯ ಸ್ನಾಯು ಕರಗಿರುತ್ತದೆ. ಕುರ್ಚಿಯಿಂದ ಕೈ ಊರದೆ ಏಳಲಾಗದಿದ್ದರೆ ಬಿಎಂಐ ಎಷ್ಟೇ ಇರಲಿ, ಯೋಚಿಸಬೇಕು.

ನೀವು ಕೇಳಬಹುದು: ಸೊರಗುವುದು ಕಾಯಿಲೆ ಜೋರಾದುದರ ಗುರುತಷ್ಟೇ ಇರಬಹುದಲ್ಲ, ಊಟ ಸರಿಪಡಿಸಿದರೆ ಆಯಸ್ಸು ನಿಜವಾಗಿ ಹೆಚ್ಚುತ್ತದಾ? ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ ಎರಡು ಪ್ರಯೋಗಗಳನ್ನು ಹೇಳುತ್ತೇನೆ.

ಮೊದಲನೆಯದು ಸ್ಪೇನಿನ ಪಿಕ್ನಿಕ್ ಅಧ್ಯಯನ, 2016ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದ, ಅಪೌಷ್ಟಿಕತೆ ಇದ್ದ 120 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಆರು ತಿಂಗಳು ಊಟದ ಆರೈಕೆ. ಅವರವರಿಗೆ ಹೊಂದುವ ಆಹಾರ ಯೋಜನೆ, ನಿರ್ದಿಷ್ಟ ಸಲಹೆ, ಸಾಲದಿದ್ದರೆ ಪೂರಕ ಆಹಾರ. ಒಂದು ವರ್ಷದಲ್ಲಿ ಸಾವು ಅಥವಾ ಮತ್ತೆ ಆಸ್ಪತ್ರೆ ಸೇರುವುದು ಮಾಮೂಲಿ ಗುಂಪಿನಲ್ಲಿ ಸುಮಾರು ಶೇ. 61, ಆರೈಕೆ ಸಿಕ್ಕ ಗುಂಪಿನಲ್ಲಿ ಸುಮಾರು ಶೇ. 27. ಇದು ಚಿಕ್ಕ ಅಧ್ಯಯನ, ಅದನ್ನು ಮರೆಯಬಾರದು. ಆದರೂ ವ್ಯತ್ಯಾಸ ದೊಡ್ಡದು.

ಎರಡನೆಯದು ಸ್ವಿಟ್ಜರ್ಲೆಂಡಿನ ಎಫರ್ಟ್ ಪ್ರಯೋಗ, 2019ರದು. ಬೇರೆ ಬೇರೆ ಕಾಯಿಲೆಯ, ಅಪೌಷ್ಟಿಕತೆಯ ಅಪಾಯ ಇದ್ದ 2,000ಕ್ಕೂ ಹೆಚ್ಚು ಒಳರೋಗಿಗಳು. ಅದರಲ್ಲಿ ಹೃದಯ ವೈಫಲ್ಯ ಇದ್ದ 645 ಜನರ ಲೆಕ್ಕವನ್ನು 2021ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು. 30 ದಿನದಲ್ಲಿ ತೀರಿಕೊಂಡವರು ಮಾಮೂಲಿ ಆಸ್ಪತ್ರೆ ಊಟದ ಗುಂಪಿನಲ್ಲಿ ಶೇ. 14.8, ಡಯಟೀಷಿಯನ್ ನಿಗಾದಲ್ಲಿ ಕ್ಯಾಲರಿ, ಪ್ರೋಟೀನ್ ಗುರಿ ಇಟ್ಟು ಉಣಿಸಿದ ಗುಂಪಿನಲ್ಲಿ ಶೇ. 8.4. ಹೊಸ ಔಷಧ ಯಾವುದೂ ಅಲ್ಲ. ತಟ್ಟೆಯಲ್ಲಿ ಎಷ್ಟು ಉಳಿಯಿತು ಅಂತ ಯಾರೋ ಒಬ್ಬರು ನೋಡಿದರು, ಅಷ್ಟೇ. ಇದನ್ನು ಯಾವುದಾದರೂ ಮಾತ್ರೆ ಸಾಧಿಸಿದ್ದರೆ ಎಲ್ಲ ಕಡೆ ಅದರದೇ ಜಾಹೀರಾತು ಇರುತ್ತಿತ್ತು.

ಈಗ ಉಪ್ಪು. ನೀವೆಲ್ಲ ಕಾಯುತ್ತಿದ್ದದ್ದು. ಸೋಡಿಯಂ-ಎಚ್ಎಫ್ ಅನ್ನುವ ಪ್ರಯೋಗ 2022ರಲ್ಲಿ ಬಂತು. 6 ದೇಶಗಳ 806 ಜನ. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ (ಉಪ್ಪಿನ ಒಂದು ಭಾಗ), ಇನ್ನೊಂದಕ್ಕೆ ಮಾಮೂಲಿ ಸಲಹೆ. ಸಾವು, ಆಸ್ಪತ್ರೆ ಭೇಟಿ ಎಲ್ಲ ಸೇರಿಸಿ ನೋಡಿದರೆ ಶೇ. 15 ಮತ್ತು ಶೇ. 17. ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಂತ ಉಪ್ಪು ಸುರಿದುಕೊಳ್ಳಿ ಅಂತಲ್ಲ. ದಿನಕ್ಕೆ 5 ಗ್ರಾಂ ಉಪ್ಪು ದಾಟದಿರುವುದು ಒಳ್ಳೆಯದೇ. ಆದರೆ ಉಪ್ಪು ಪೂರ್ತಿ ತೆಗೆದು, ಸಪ್ಪೆ ಊಟ ಮುಂದಿಟ್ಟು, ಅವರು ಅದನ್ನು ಮುಟ್ಟದೆ ಎದ್ದುಹೋದರೆ ನಾವು ಗಳಿಸಿದ್ದೇನು? ನನ್ನ ಮುಂದೆ ಸೊರಗಿದವರು ಕೂತಿದ್ದರೆ, ಸ್ವಲ್ಪ ಉಪ್ಪಿದ್ದರೂ ತಿಂದ ಊಟವೇ ತಿನ್ನದ ಸಪ್ಪೆ ಊಟಕ್ಕಿಂತ ಮೇಲು ಅಂತ ಹೇಳುತ್ತೇನೆ. ಹುಳಿ, ಕಾಳುಮೆಣಸು, ಬೆಳ್ಳುಳ್ಳಿ, ಸೊಪ್ಪಿನಿಂದ ರುಚಿ ಕಟ್ಟಬಹುದು. ಒಂದು ಎಚ್ಚರ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಹೃದಯದ ಕೆಲವು ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಕೇಳದೆ ಬಳಸಬೇಡಿ.

ಊಟ ಹೇಗಿರಬೇಕು? ಮೂರು ದೊಡ್ಡ ಊಟದ ಬದಲು ಐದಾರು ಚಿಕ್ಕ ಊಟ. ಊಟಕ್ಕೆ ಮೊದಲು ಸ್ವಲ್ಪ ವಿಶ್ರಾಂತಿ. ಸ್ನಾನ ಮುಗಿಸಿ ಏದುಸಿರು ಬಿಡುತ್ತಾ ತಟ್ಟೆ ಮುಂದೆ ಕೂರಿಸಬೇಡಿ. ದ್ರವಕ್ಕೆ ಮಿತಿ ಇದ್ದರೆ ತಿಳಿನೀರಿನಂಥ ಸೂಪಿನಿಂದ ಆ ಮಿತಿ ತುಂಬಿಸಬೇಡಿ, ಹಾಲಿನಂಥ ಸತ್ವ ಇರುವ ದ್ರವ ಕೊಡಿ. ಪ್ರೋಟೀನ್ ದಿನಕ್ಕೆ ಕಿಲೋ ತೂಕಕ್ಕೆ ಕನಿಷ್ಠ 1.1 ಗ್ರಾಂ ಅನ್ನುವುದು ತಜ್ಞರ ಸಲಹೆ. ನೀರಿಲ್ಲದ ತೂಕ 60 ಕಿಲೋ ಇದ್ದರೆ 66 ಗ್ರಾಂ. ಪ್ರತಿ ಸಲದ ಊಟದಲ್ಲೂ ಮೊಟ್ಟೆ, ಹಾಲು, ಕಾಳು, ಮೀನು ಇಂಥದ್ದೇನಾದರೂ ಇದ್ದರೆ ಮಾತ್ರ ಇದು ಸಾಧ್ಯ. ಜೊತೆಗೆ ಡಾಕ್ಟರು ಒಪ್ಪಿದಷ್ಟು ವ್ಯಾಯಾಮ ಬೇಕೇ ಬೇಕು. ಕೆಲಸ ಕೊಡದಿದ್ದರೆ ತಿಂದ ಪ್ರೋಟೀನ್ ಸ್ನಾಯುವಾಗುವುದು ಕಷ್ಟ. ಹಲ್ಲಿನ ಸೆಟ್ಟು ಸಡಿಲವಾಗಿದೆಯಾ, ಮನಸ್ಸು ಕುಗ್ಗಿದೆಯಾ, ಒಬ್ಬರೇ ಕೂತು ಉಣ್ಣುತ್ತಾರಾ, ಅದನ್ನೂ ನೋಡಿ.

ಕಬ್ಬಿಣದ ಕೊರತೆ ಹೃದಯ ವೈಫಲ್ಯ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಇರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಇರಬಹುದು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ. 2017ರ ಪ್ರಯೋಗದಲ್ಲಿ ಕಬ್ಬಿಣದ ಮಾತ್ರೆಯಿಂದ ವ್ಯಾಯಾಮದ ಶಕ್ತಿ ಹೆಚ್ಚಲಿಲ್ಲ. ರಕ್ತನಾಳದ ಮೂಲಕ ಕೊಟ್ಟರೆ ಪ್ರಯೋಜನವಿದೆ.

ಸಭಿಕರ ಪ್ರಶ್ನೆಗಳು

'ಹಸಿವಾಗಲು ಔಷಧ ಇಲ್ಲವೇ?'

ಇವೆ, ಆದರೆ ಈ ಕಾಯಿಲೆಯಲ್ಲಿ ಎಚ್ಚರ ಬೇಕು. ಸ್ಟೀರಾಯ್ಡ್‌ಗಳಿಂದ ಹಸಿವು ಬರುತ್ತದೆ, ಜೊತೆಗೆ ನೀರೂ ತುಂಬುತ್ತದೆ, ಸ್ನಾಯು ಇನ್ನಷ್ಟು ಕರಗುತ್ತದೆ. ಮೆಜೆಸ್ಟ್ರಾಲ್‌ನಿಂದ ಬಾವು ಮತ್ತು ರಕ್ತ ಹೆಪ್ಪುಗಟ್ಟುವ ಭಯ. ಕರುಳಿನ ಬಾವು ಇಳಿಸುವುದೇ ಎಷ್ಟೋ ಸಲ ಹಸಿವಿನ ಔಷಧ. ನೀರು ಸರಿಯಾಗಿ ಇಳಿದ ಮೇಲೆ ಊಟ ಕೇಳಿ ತಿನ್ನುವವರನ್ನು ನಾವು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇವೆ.

'ನಮ್ಮ ತಂದೆ ವಾರದಿಂದ ಏನೂ ತಿಂದಿಲ್ಲ. ಇವತ್ತೇ ಜೋರಾಗಿ ಊಟ ಶುರು ಮಾಡಿಸಬಹುದಾ?'

ಬೇಡಮ್ಮ. ಬಹಳ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಥಯಮಿನ್ ಕೊಡಿಸಿ, ನಿಧಾನವಾಗಿ ಹೆಚ್ಚಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ನಿಂತಿರುವ ವಿಷಯ ಇವತ್ತೇ ಹೇಳಿ. ಅಂಥ ದಿನಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು.

'ನಮ್ಮ ತಂದೆಗೆ ಕಿಡ್ನಿಯೂ ಸರಿಯಿಲ್ಲ. ಕಿಡ್ನಿ ಡಾಕ್ಟರು ಪ್ರೋಟೀನ್ ಕಡಿಮೆ ಮಾಡಿ ಅಂತಾರೆ, ನೀವು ಜಾಸ್ತಿ ಅಂತೀರಿ.'

ಇದು ನಿಜವಾದ ಇಕ್ಕಟ್ಟು. ಡಯಾಲಿಸಿಸ್ ಶುರುವಾಗದ ಕಿಡ್ನಿ ಕಾಯಿಲೆಯಲ್ಲಿ ಪ್ರೋಟೀನ್‌ಗೆ ಮಿತಿ ಹಾಕುವುದುಂಟು. ಆದರೆ ಆ ಮಿತಿ ಮೈಕೈ ತುಂಬಿಕೊಂಡು ಸ್ಥಿರವಾಗಿರುವವರಿಗೆ. ತೂಕ ಕರಗುತ್ತಿರುವವರಿಗೆ ಅದನ್ನೇ ಕಟ್ಟುನಿಟ್ಟಾಗಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಇಬ್ಬರು ಡಾಕ್ಟರಿಗೂ ನಿಮ್ಮ ತಂದೆಯ ಆರು ತಿಂಗಳ ತೂಕದ ಪಟ್ಟಿ ತೋರಿಸಿ. ಬಾವು ಇದ್ದ ದಿನಗಳನ್ನು ಅದರಲ್ಲೇ ಗುರುತು ಹಾಕಿ. ಒಬ್ಬ ಡಯಟೀಷಿಯನ್ ಅವರನ್ನೂ ಸೇರಿಸಿಕೊಂಡು ಒಂದೇ ಅಂಕಿಗೆ ಬರಲು ಹೇಳಿ. ಎರಡು ಚೀಟಿಯಲ್ಲಿ ಎರಡು ಅಂಕಿ ಹಿಡಿದುಕೊಂಡು ಮನೆಗೆ ಹೋಗಬೇಡಿ.